ಮಧ್ಯಾಹ್ನದ ದೋಣಿ

ಸೇತುವೆ ತೆರೆಯುವ ಕೆಲಸ ಅವಳಿಗೆ ಸಿಕ್ಕಿದಾಗ, ನಿವೃತ್ತನಾಗಿ ಹೊರಟಿದ್ದ ಮುದುಕ ಕ್ಯಾಬಿನ್ನಿನ ಒಂದೊಂದು ಹಿಡಿಕೆಯನ್ನೂ ಮುಟ್ಟಿ ಮುಟ್ಟಿ ತೋರಿಸಿದ. ಇದು ರಸ್ತೆಯ ಗೇಟು ಇಳಿಸಲು, ಇದು ಬೀಗ ಬಿಡಿಸಲು, ಇದು ಸೇತುವೆಯ ನಡುವಿನ ತುಂಡನ್ನು ಮೇಲೆತ್ತಲು, ಈ ಕೆಂಪು ಗುಂಡಿ ಸೈರನ್ನಿಗೆ. ಕಿಟಕಿಯ ಗಾಜನ್ನು ಯಾವ ಬಟ್ಟೆಯಿಂದ ಒರೆಸಿದರೆ ಗೆರೆ ಉಳಿಯುವುದಿಲ್ಲ ಎಂಬುದನ್ನೂ ಹೇಳಿಕೊಟ್ಟ. ಊರವರಿಗೆಲ್ಲ ಅವನು ಸೈರನ್ ತಾತ. ಊಟದ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಬ್ಬಿಣದ ಮೆಟ್ಟಿಲಿಗೆ ಕಾಲಿಟ್ಟವನು ತಿರುಗಿ ನಿಂತ.

"ಇನ್ನೊಂದು ಮಾತು ತಾಯಿ. ಮಧ್ಯಾಹ್ನ ಊಟ ಮುಗಿಯೋ ಹೊತ್ತಿಗೆ ಕೆಳಗಿನ ತಿರುವಿಂದ ಒಂದು ದೋಣಿ ಹಾರನ್ ಹೊಡೆಯುತ್ತೆ. ಒಂದು ಉದ್ದ, ಎರಡು ಗಿಡ್ಡ. ತೆಗೆದುಬಿಡು."

"ಯಾರ ದೋಣಿ ಅದು?"

"ಅದು ಕಾಣಲ್ಲ."

ಅವಳು ನಕ್ಕಳು. ಹೊಸಬರನ್ನು ಆಟವಾಡಿಸುವುದು ಎಲ್ಲ ಕಡೆಯೂ ಇದ್ದದ್ದೇ. "ಕಾಣದ ದೋಣಿಗೆ ಸೇತುವೆ ತೆಗೀಬೇಕಾ ತಾತ?"

"ನಗು, ನಗು. ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ? ನೀನೇ ನೋಡ್ತೀಯ," ಎಂದು ಅವನು ಇಳಿದು ಹೋದ.

ಮಾರನೆಯ ದಿನವೇ ನೋಡಿದಳು. ಊಟದ ಕೈ ಇನ್ನೂ ತೊಳೆದಿರಲಿಲ್ಲ, ಹಾರನ್ ಕೇಳಿಸಿತು. ಒದ್ದೆ ಕಂಬಳಿಯ ಒಳಗಿಂದ ಬಂದಂಥ ದಪ್ಪ ದನಿ. ತಿರುವಿನವರೆಗೂ ನದಿ ಖಾಲಿಯಾಗಿತ್ತು. ಬಿಸಿಲು ನೀರಿನ ಮೇಲೆ ತಗಡಿನ ಹಾಗೆ ಹೊಳೆಯುತ್ತಿತ್ತು. ಆದರೆ ರಸ್ತೆಯ ಮೇಲೆ, ಅವಳು ಗೇಟು ಇಳಿಸುವ ಮೊದಲೇ, ಗಾಡಿಗಳು ತಾವಾಗಿಯೇ ನಿಂತಿದ್ದವು. ಬಸ್ಸಿನವನು ಇಂಜಿನ್ ಆರಿಸಿದ. ಸೈಕಲ್ಲಿನವರು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದರು. ಒಬ್ಬ ತಾಯಿ ಮಗುವಿನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಅಷ್ಟು ಜನರಲ್ಲಿ ಒಬ್ಬರೂ ನದಿಯ ಕಡೆ ನೋಡುತ್ತಿರಲಿಲ್ಲ.

ಅವಳು ಹಿಡಿಕೆ ಎಳೆದಳು. ಸೇತುವೆಯ ನಡುವಿನ ತುಂಡು ಕಿರುಗುಟ್ಟುತ್ತ ಮೇಲೆದ್ದಿತು. ಆಗ ತಿರುವಿನ ಹತ್ತಿರ ನೀರು ಎರಡಾಗಿ ಸೀಳಿತು. ದೊಡ್ಡ ದೋಣಿಯೊಂದರ ಮೂತಿ ಸೀಳುವ ಹಾಗೆ ಸೀಳಿಕೊಂಡು ಹತ್ತಿರ ಬಂತು, ತೆರೆದ ಜಾಗದೊಳಗೆ ನುಸುಳಿತು, ಅಲೆಗಳು ಕಂಬಗಳಿಗೆ ಬಡಿದವು, ಸೀಳು ಮೇಲ್ದಿಕ್ಕಿಗೆ ಹೋಗುತ್ತ ಹೋಗುತ್ತ ಮಾಸಿಹೋಯಿತು. ಮೇಲುಗಡೆಯಿಂದ ಒಂದು ಗಿಡ್ಡ ಹಾರನ್. ಅಷ್ಟೇ. ಅವಳು ಸೇತುವೆ ಇಳಿಸಿದಳು. ಕೈಯಲ್ಲಿನ ಎಂಜಲು ಒಣಗಿತ್ತು.

ಮನುಷ್ಯ ಯಾವುದಕ್ಕೆ ತಾನೇ ಒಗ್ಗಿಕೊಳ್ಳುವುದಿಲ್ಲ? ವರ್ಷ ತುಂಬುವಷ್ಟರಲ್ಲಿ ಅವಳಿಗೂ ಅದು ಮಾಮೂಲಾಯಿತು. ಊರು ಅವಳನ್ನು ಗೇಟಮ್ಮ ಎಂದು ಕರೆಯತೊಡಗಿತು. ಬೆಳಿಗ್ಗೆ ತರಕಾರಿ ದೋಣಿಗಳಿಗೆ ತೆರೆಯುತ್ತಿದ್ದಳು, ಹತ್ತು ಗಂಟೆಯ ಮೇಲೆ ಬಣ್ಣದ ಕಾರ್ಖಾನೆಗೆ ನೂಲು ತರುವ ದೋಣಿಗೆ, ಸಂಜೆ ಮರಳಿನವರಿಗೆ. ಊರಿನ ಹೊಟ್ಟೆ ಬಟ್ಟೆ ಎರಡೂ ಆ ನದಿಯದೇ. ಐಸ್ ಫ್ಯಾಕ್ಟರಿ ಅದರ ನೀರನ್ನೇ ಗಟ್ಟಿ ಮಾಡಿ ಮಾರುತ್ತಿತ್ತು. ಬಟ್ಟೆಗೆ ಬಣ್ಣ ಹಾಕುವವರು ಅದರಲ್ಲೇ ಅದ್ದಿ ಅದರಲ್ಲೇ ಜಾಲಿಸುತ್ತಿದ್ದರು. ಅವಳ ಗಂಡ ಪಂಪ್‌ಹೌಸಿನಲ್ಲಿ ಫಿಟ್ಟರ್. ನದಿಯನ್ನು ಎಳೆದು, ಸೋಸಿ, ಕೊಳವೆಗೆ ತುಂಬಿ ಊರಿನ ಮನೆ ಮನೆಗೂ ಕಳಿಸುವುದು ಅವನ ಕೆಲಸ.

"ನೀನು ನದಿ ಬಿಡೋಳು, ನಾನು ನದಿ ಹಿಡಿಯೋನು," ಎಂದು ಅವನು ತಮಾಷೆ ಮಾಡುತ್ತಿದ್ದ.

"ಇಬ್ಬರೂ ಸೇರಿ ಸೊಪ್ಪು ತೊಳೆಯೋಕೆ ಒಂದು ಕೊಡ ನೀರು ಹಿಡಿದಿಟ್ಟಿದ್ರೆ ಆಗ್ತಿತ್ತು ಪುಣ್ಯಾತ್ಮರು," ಎಂದು ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದಳು. ಅವಳ ಬಾಯಲ್ಲಿ ಹಾಲಿನವನೂ ಪುಣ್ಯಾತ್ಮ, ಬೆಕ್ಕೂ ಪುಣ್ಯಾತ್ಮ. ಬೈಗುಳ ಬೇರೆ ಇರಲಿಲ್ಲ, ಅದೊಂದನ್ನೇ ಹತ್ತು ರಾಗದಲ್ಲಿ ಬಳಸುತ್ತಿದ್ದಳು. ಗೇಟಮ್ಮನಿಗೆ ತಾಯಿ ಚಿಕ್ಕಂದಿನಲ್ಲೇ ಹೋಗಿದ್ದಳು. ಮದುವೆಯಾಗಿ ಬಂದ ಮೊದಲ ವಾರ ಅತ್ತೆಯ ಬಾಯಿಗೆ ಹೆದರಿ ಬಚ್ಚಲಲ್ಲಿ ಅತ್ತಿದ್ದಳು. ಆಮೇಲೆ ಆ ಬಾಯಿ ಇಲ್ಲದೆ ಮನೆ ಮನೆಯಂತಿರುವುದಿಲ್ಲ ಎಂದು ಗೊತ್ತಾಗಿತ್ತು.

ಅವಳಿಗೊಬ್ಬಳು ತಂಗಿ. ನದಿಯ ಈ ದಡದಲ್ಲಿ, ಐಸ್ ಫ್ಯಾಕ್ಟರಿಯ ಹಿಂದಿನ ಬೀದಿಯಲ್ಲಿ ಗಂಡನ ಜೊತೆ ಇದ್ದಳು. ಆಸ್ಪತ್ರೆ ಆಚೆ ದಡದಲ್ಲಿ. ದಿನ ತುಂಬಿದ್ದ ತಂಗಿಗೆ ಒಂದು ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ನೋವು ಶುರುವಾಯಿತು.

ಗೇಟಮ್ಮನಿಗೆ ಸುದ್ದಿ ಗೊತ್ತಾದದ್ದು ಕ್ಯಾಬಿನ್ನಿನ ಕಿಟಕಿಯಿಂದ. ತಂಗಿಯ ಗಂಡ ಸೇತುವೆಯ ರಸ್ತೆಯಲ್ಲಿ ಎರಡೂ ಕೈ ಬೀಸುತ್ತ ಓಡಿಬರುತ್ತಿದ್ದ. ಅವನ ಹಿಂದೆ, ತೆವಳುತ್ತಿದ್ದ ಗಾಡಿಗಳ ಸಾಲಿನ ಕೊನೆಯಲ್ಲಿ, ಒಂದು ಆಟೋ ಸಿಕ್ಕಿಹಾಕಿಕೊಂಡು ಒಂದೇ ಸಮ ಹಾರನ್ ಹೊಡೆಯುತ್ತಿತ್ತು.

ಅದೇ ಗಳಿಗೆಯಲ್ಲಿ ತಿರುವಿನ ಕಡೆಯಿಂದ ಇನ್ನೊಂದು ಹಾರನ್ ಕೇಳಿಸಿತು. ಒಂದು ಉದ್ದ, ಎರಡು ಗಿಡ್ಡ.

ಬಸ್ಸು ನಿಂತಿತು. ಸೈಕಲ್ಲುಗಳು ನಿಂತವು. ಆಟೋದವನ ಕೈ ಕೂಡ ಹಾರನ್ನಿನಿಂದ ಸರಿಯಿತು. ಆ ಮೌನದಲ್ಲಿ ತಂಗಿ ಕಿರುಚಿದ್ದು ಕ್ಯಾಬಿನ್ನಿಗೆ ಸ್ಪಷ್ಟವಾಗಿ ಕೇಳಿಸಿತು.

"ಅಕ್ಕಾ, ನೀರು ಹೋಗಿಬಿಟ್ಟಿದೆ!" ಎಂದು ತಂಗಿಯ ಗಂಡ ಕೆಳಗಿನಿಂದ ಕೂಗಿದ. "ಮಗು ಅಡ್ಡ ಇದೆ ಅಂತ ಸೂಲಗಿತ್ತಿ ಹೇಳ್ತಿದಾಳೆ. ಗೇಟು ಹಾಕಬೇಡಿ ಅಕ್ಕಾ, ಕೈ ಮುಗೀತೀನಿ!"

ಸೇತುವೆ ಮೇಲೆತ್ತಿ ಇಳಿಸಲು ಕಾಲು ಗಂಟೆಯಾದರೂ ಬೇಕು. ಅವಳ ಕೈ ಹಿಡಿಕೆಯ ಮೇಲಿತ್ತು. ಆ ಕೈಯನ್ನು ತೆಗೆದಳು. ಕಿಟಕಿ ತೆರೆದು ತಲೆ ಹೊರಗೆ ಹಾಕಿ, "ಏನು ನೋಡ್ತಿದೀರಿ? ಗಾಡಿ ತೆಗೀರಿ! ದಾರಿ ಬಿಡಿ!" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು.

ಜನ ಅಲುಗಾಡಲಿಲ್ಲ. ಹಾರನ್ ಮತ್ತೆ ಬಂತು, ಇನ್ನೂ ಹತ್ತಿರದಿಂದ. ಕೊನೆಗೆ ಬಸ್ಸಿನವನೇ, ಎರಡು ಹೆಣ್ಣುಮಕ್ಕಳ ತಂದೆ, ಇಂಜಿನ್ ಹಚ್ಚಿ ಬಸ್ಸನ್ನು ಪಕ್ಕಕ್ಕೆ ಒತ್ತಿದ. ಆಟೋ ಗಾಡಿಗಳ ನಡುವೆ ತೂರಿ ಸೇತುವೆಗೆ ಬಂತು. ಅದು ನಡುವಿನ ತುಂಡಿನ ಮೇಲೆ ಇರುವಾಗಲೇ ಕೆಳಗೆ ನೀರಿನ ಸೀಳು ಸೇತುವೆಯ ಹತ್ತಿರಕ್ಕೆ ಬಂದಿತ್ತು. ಗೇಟಮ್ಮ ಕಣ್ಣು ಮುಚ್ಚಿದಳು.

ಏನೂ ಆಗಲಿಲ್ಲ. ಕಣ್ಣು ಬಿಟ್ಟಾಗ ಆಟೋ ಆಚೆ ದಡ ಸೇರಿತ್ತು. ಸೀಳು ಕಂಬಗಳ ಮುಂದೆ ಬಂದು ನಿಂತು, ಎರಡು ಕಡೆಗೂ ಹರಡಿ, ಸಮವಾಗಿಹೋಗಿತ್ತು. ತಡ ಮಾಡದೆ ಗೇಟು ಇಳಿಸಿ ಸೇತುವೆ ತೆರೆದಳು. ಎಷ್ಟು ಹೊತ್ತು ಕಾದರೂ ಏನೂ ಹಾಯಲಿಲ್ಲ. ಮೇಲುಗಡೆಯಿಂದ ಆ ಗಿಡ್ಡ ಹಾರನ್ನೂ ಬರಲಿಲ್ಲ. ಕಂಬಗಳ ಮುಂದಿನ ನೀರು ಮಾತ್ರ ಉಳಿದ ನದಿಗಿಂತ ಸ್ವಲ್ಪ ಕಪ್ಪಾಗಿ, ಮೇಲೆ ನೆರಳು ಬಿದ್ದ ಹಾಗೆ ಇತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಸಂಜೆ ಆಸ್ಪತ್ರೆಗೆ ಓಡಿದಳು. ಹೆಣ್ಣು ಮಗು. ಕೊಯ್ದು ತೆಗೆದಿದ್ದರು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಸ್ವಲ್ಪ ತಡವಾಗಿದ್ದರೂ ಕೈ ಮೀರುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಗೇಟಮ್ಮ ಮಗುವಿನ ಹಿಡಿ ಬಿಡಿಸಿ ಒಂದೊಂದು ಬೆರಳನ್ನೂ ನೋಡಿದಳು.

"ಅಕ್ಕಾ," ಎಂದಳು ತಂಗಿ ಮಲಗಿದಲ್ಲಿಂದಲೇ, "ಈ ಗೋಡೆ ಒಳಗೆ ಏನೋ ಇಂಜಿನ್ ಓಡ್ತಿದೆ ಅಲ್ವಾ?"

ಗೇಟಮ್ಮ ಗೋಡೆಗೆ ಕಿವಿ ಕೊಟ್ಟಳು. ಗೋಡೆಯಲ್ಲಲ್ಲ, ಮೂಲೆಯ ಕೈತೊಳೆಯುವ ಬೇಸಿನ್ನಿನ ಕೊಳಾಯಿಯಲ್ಲಿ. ಧಡ್, ಧಡ್, ಧಡ್. ಕಟ್ಟೆಗೆ ಕಟ್ಟಿಹಾಕಿದ ದೋಣಿ ಇಂಜಿನ್ ಆರಿಸದೆ ಕಾಯುವಾಗ ಬರುತ್ತದಲ್ಲ, ಅಂಥ ನಿಧಾನದ ಸದ್ದು.

ಮನೆಗೆ ಬಂದರೆ ಮನೆಯ ಕೊಳಾಯಿಯಲ್ಲೂ ಅದೇ.

"ಕೊಳವೇಲಿ ಗಾಳಿ ಸೇರಿಕೊಂಡಿರಬೇಕು," ಎಂದ ಗಂಡ. ಎರಡು ದಿನ ಪಂಪ್‌ಹೌಸಿನಲ್ಲಿ ಒಂದೊಂದೇ ವಾಲ್ವ್ ಬಿಚ್ಚಿ ಜೋಡಿಸಿದ. ಮೋಟಾರು ನಿಲ್ಲಿಸಿಯೂ ನೋಡಿದ. ಮೋಟಾರು ನಿಂತರೂ ಸದ್ದು ನಿಲ್ಲಲಿಲ್ಲ. ಆ ದಿನ ಮನೆಗೆ ಬಂದವನು ಊಟ ಬೇಡವೆಂದು ಗೋಡೆ ಕಡೆ ತಿರುಗಿ ಮಲಗಿದ.

ಮಧ್ಯಾಹ್ನದ ಹಾರನ್ ನಿಂತೇಹೋಯಿತು. ಆ ಹೊತ್ತಿಗೆ ಜನ ಅಭ್ಯಾಸಬಲದಿಂದ ಗಾಡಿ ನಿಲ್ಲಿಸಿ, ಏನೂ ಕೇಳಿಸದೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಗೇಟಮ್ಮ ಸುಮ್ಮನೆ ಎತ್ತಿದ ಸೇತುವೆ ಇಳಿದ ಮೇಲೆ ಮುಂದೆ ಹೋಗುತ್ತಿದ್ದರು. ತರಕಾರಿ ದೋಣಿಯವರು ಸೇತುವೆಯ ಕೆಳಗೆ ಬರಲು ಒಪ್ಪಲಿಲ್ಲ. ನಡುವಿನ ದಾರಿಗೆ ಹೋದರೆ ದೋಣಿ ತಾನಾಗಿ ಪಕ್ಕಕ್ಕೆ ಜಾರುತ್ತದೆ, ದೊಡ್ಡದೊಂದು ಹಡಗಿನ ಹೊಟ್ಟೆಗೆ ತಾಗಿದ ಹಾಗೆ ಮೆತ್ತಗೆ ಒರೆಸಿಕೊಂಡು ಹೋಗುತ್ತದೆ ಎಂದರು. ಸರಕನ್ನು ಸೇತುವೆಗಿಂತ ಮೇಲೆಯೇ, ದಡದಲ್ಲಿ ಇಳಿಸಿದರು. ಬಣ್ಣದ ತೊಟ್ಟಿಗಳಲ್ಲಿ ಯಾರೂ ಮುಟ್ಟದಿದ್ದರೂ ನಡುವಿನಿಂದ ಅಂಚಿಗೆ ಬಳೆ ಬಳೆಯಾಗಿ ಅಲೆ ಏಳುತ್ತಿತ್ತು. ನೂಲಿನ ಮೇಲೆಲ್ಲ ಪಟ್ಟೆ ಬಿದ್ದು ಮಾಲು ಕೆಟ್ಟಿತು. ಐಸ್ ಫ್ಯಾಕ್ಟರಿಯ ಗಡ್ಡೆಗಳು ಸದ್ದಿಗೆ ಬಿರುಕು ಬಿಟ್ಟವು. ಚಹಾದ ಅಂಗಡಿಯವನು ಲೋಟ ತುಂಬಿಸಿ ಮೇಜಿನ ಮೇಲಿಟ್ಟರೆ ಚಹಾ ನಡುಗುತ್ತಿತ್ತು. ಕುಡಿಯದೆ ಬದುಕುವಂತಿಲ್ಲ. ಕುಡಿದವರು ರಾತ್ರಿ ದಿಂಬಿಗೆ ಕಿವಿಯಿಟ್ಟರೆ ತಮ್ಮ ಹೊಟ್ಟೆಯೊಳಗೇ ಆ ಸದ್ದು ಕೇಳುತ್ತಿತ್ತು.

ಯಾರೂ ಅವಳನ್ನು ಬೈಯಲಿಲ್ಲ, ಅದೇ ಕಷ್ಟವಾದದ್ದು. ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಬಸ್ಸಿನವನೊಬ್ಬ ಮಾತ್ರ, "ನಾನೂ ಗಾಡಿ ಸರಿಸಿದೆನಲ್ಲಮ್ಮ, ನನ್ನದೂ ಪಾಲಿದೆ," ಎಂದ.

ಅತ್ತೆ ಪಾತ್ರೆಯಲ್ಲಿ ನೀರು ಕಾಯಿಸಲಿಟ್ಟು ಅದರ ನಡುಕವನ್ನೇ ನೋಡುತ್ತಿದ್ದಳು. "ಪುಣ್ಯಾತ್ಮರು ಯಾರೋ ಬಾಗಿಲಲ್ಲಿ ಕಾಯ್ತಿದಾರೆ. ಹೋಗಿ ಆ ಮುದುಕನ್ನ ಕೇಳು. ನೀನು ಮಾಡಿದ್ದು ತಪ್ಪಲ್ಲ. ಆದ್ರೆ ತಪ್ಪಲ್ಲ ಅಂತ ಕೂತ್ರೆ ಆಗುತ್ತಾ?" ಎಂದಳು.

ಸೈರನ್ ತಾತ ಮಗಳ ಮನೆಯಲ್ಲಿದ್ದ, ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ. ಮಂಚದ ಮೇಲೆ ಕೂತು ಮೊಮ್ಮಗನ ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಅವಳನ್ನು ನೋಡಿ ಸೂಜಿಯನ್ನು ಜೋಪಾನವಾಗಿ ದಿಂಬಿಗೆ ಚುಚ್ಚಿದ.

"ಬರ್ತೀಯ ಅಂತ ಗೊತ್ತಿತ್ತು. ಮಗು ಹೇಗಿದೆ?"

"ಚೆನ್ನಾಗಿದೆ ತಾತ."

"ಅದು ಮುಖ್ಯ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ."

"ತಾತ, ದಿನಾ ಸೇತುವೆ ತೆಗೆದು ಕಾಯ್ತೀನಿ. ಅದು ಹೋಗ್ತಿಲ್ಲ."

"ಹೇಗೆ ಹೋಗುತ್ತೆ?" ಎಂದ ಮುದುಕ. "ನಿಮ್ಮನೆ ಬಾಗಿಲಿಗೆ ಬಂದೋರು ಕರೆದ್ರು, ನೀನು ಮುಖದ ಮೇಲೆ ಬಾಗಿಲು ಹಾಕಿದೆ. ಆಮೇಲೆ ಸುಮ್ನೆ ಚಿಲಕ ತೆಗೆದಿಟ್ರೆ ಮರ್ಯಾದಸ್ಥರು ಒಳಗೆ ಬರ್ತಾರಾ? ತಡೆದೋರೇ ಕರೀಬೇಕು. ಅವರ ಹಾಗೇ ಕರಿ. ಒಂದು ಉದ್ದ, ಎರಡು ಗಿಡ್ಡ."

"ಅವರು ಅಂದ್ರೆ ಯಾರು ತಾತ?"

ಅವನು ಸೂಜಿಯನ್ನು ಮತ್ತೆ ಕೈಗೆ ತೆಗೆದುಕೊಂಡ. "ನಾನು ಯಾವತ್ತೂ ಕಿಟಕಿ ತೆಗೆದು ಕೇಳಿಸಿಕೊಂಡೋನಲ್ಲ. ನೀನೂ ಕಿಟಕಿ ಮುಚ್ಚಿಕೋ."

ಮರುದಿನ ಮಧ್ಯಾಹ್ನ ಅವಳು ಗೇಟು ಇಳಿಸಿದಳು. ಸುದ್ದಿ ಹೇಗೆ ಹರಡಿತೋ, ಎರಡೂ ದಡದಲ್ಲಿ ಜನ ತುಂಬಿದ್ದರು. ಬಣ್ಣದ ಕಾರ್ಖಾನೆಯವರು ನೀಲಿ ಕೈಗಳಲ್ಲೇ ಬಂದಿದ್ದರು. ಗಂಡ ಪಂಪ್‌ಹೌಸಿನ ಮೆಟ್ಟಿಲ ಮೇಲೆ ನಿಂತಿದ್ದ. ಅವಳು ಸೇತುವೆ ಮೇಲೆತ್ತಿ, ಕೆಂಪು ಗುಂಡಿ ಒತ್ತಿದಳು. ಒಂದು ಉದ್ದ. ಎರಡು ಗಿಡ್ಡ.

ಸದ್ದು ನದಿಯುದ್ದಕ್ಕೂ ಹೋಗಿ ತಿರುವಿಗೆ ಬಡಿದು ವಾಪಸು ಬಂತು. ಆಮೇಲೆ ಗಾಳಿಯೂ ಇಲ್ಲದ ಮೌನ. ಹಾಗೆಯೇ ಹೊತ್ತು ಕಳೆಯಿತು.

ಉತ್ತರ ಬಂದದ್ದು ಅವಳ ಕಾಲಿನ ಕೆಳಗಿಂದಲೇ. ಕ್ಯಾಬಿನ್ನಿನ ಗಾಜುಗಳೆಲ್ಲ ಝಲ್ ಎಂದವು. ಅವಳು ಬೆಚ್ಚಿ ಹಿಂದೆ ಸರಿದಾಗ ಮೊಣಕೈ ತಗುಲಿ, ಸರಿಯಾಗಿ ಮುಚ್ಚಿರದ ಕಿಟಕಿ ತೆರೆದುಕೊಂಡಿತು. ಕಂಬಗಳ ಮುಂದಿನ ಕಪ್ಪು ನೀರು ಅಲುಗಿತು, ಸೀಳಿತು, ನಿಧಾನವಾಗಿ ತೆರೆದ ಜಾಗದೊಳಗೆ ಬಂತು. ಹಾಗೆ ಹಾಯುವಾಗ ಮಾತು ಕೇಳಿಸಿತು.

ದೂರ ಪ್ರಯಾಣ ಹೊರಟವರ ಮಾಮೂಲಿ ಮಾತು. ಯಾರೋ ಗಂಟು ಸರಿಸಲು ಹೇಳುತ್ತಿದ್ದರು. ಯಾರೋ ಕೆಮ್ಮಿದರು. ಒಂದು ಮಗು "ಊರು ಬಂತಾ? ಬಂತಾ?" ಎಂದು ಪೀಡಿಸುತ್ತಿತ್ತು. ಆ ಮಾತುಗಳ ನಡುವೆ ಒಂದು ಹೆಂಗಸಿನ ದನಿ ಎದ್ದಿತು.

"ಕಾಲು ಒಳಗೆ ಎಳ್ಕೊಳ್ಳೋ ಪುಣ್ಯಾತ್ಮ, ಎಡವಿ ಬಿದ್ದೋರಿಗೆ ನೀನು ಉತ್ತರ ಹೇಳ್ತೀಯಾ? ಅಂತೂ ಬಿಟ್ರಲ್ಲ. ಇಷ್ಟು ದಿನ ಕೂರಿಸಿಕೊಂಡು ಒಂದು ಲೋಟ ನೀರು ಕೊಡಲಿಲ್ಲ ಪುಣ್ಯಾತ್ಮರು!"

ದನಿ, ರಾಗ, ಕೊನೆಯಲ್ಲಿ ಎಳೆಯುವ ಉಸಿರು, ಎಲ್ಲ ಗೇಟಮ್ಮನಿಗೆ ಗೊತ್ತು. ದಿನ ಬೆಳಗಾದರೆ ಅಡುಗೆಮನೆಯಿಂದ ಕೇಳುವ ದನಿ.

ಸೀಳು ಹಾದು ಹೋಯಿತು. ಮೇಲುಗಡೆಯಿಂದ ಗಿಡ್ಡ ಹಾರನ್ ಬಂತು. ದಡದಲ್ಲಿ ಜನ ಉಸಿರು ಬಿಟ್ಟರು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಅವಳು ಸೇತುವೆ ಇಳಿಸಿ, ಗೇಟು ತೆಗೆದು, ಕ್ಯಾಬಿನ್ನಿಗೆ ಬೀಗವನ್ನೂ ಹಾಕದೆ ಮನೆಗೆ ಓಡಿದಳು. ಅಡುಗೆಮನೆಯಲ್ಲಿ ಅತ್ತೆ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಪಾತ್ರೆ ಉರುಳಿ ನೀರು ಚೆಲ್ಲಿತ್ತು.

"ಅತ್ತೆ! ಏನಾಯ್ತು ನಿಮಗೆ?"

"ನನಗೇನಾಗುತ್ತೆ? ಬಾಗಿಲು ಹಾಕು, ಬೆಕ್ಕು ಬರುತ್ತೆ." ಅತ್ತೆ ಸೊಂಟ ಹಿಡಿದುಕೊಂಡು ಎದ್ದಳು. "ಕೊಳಾಯಿ ಸದ್ದು ನಿಂತೋಯ್ತು. ನಿಲ್ಲೋ ಮುಂಚೆ ಅದರೊಳಗೆ ಯಾರೋ ಮುದುಕಿ ಬೈತಿದ್ಲು. ಏನು ಬಾಯಿ ಅಂತೀಯ! ನನ್ನ ಥರಾನೇ." ಅವಳು ನಕ್ಕಳು. ನಗುತ್ತ ನಗುತ್ತ ಸೊಸೆಯ ಮುಖ ನೋಡಿ ನಿಲ್ಲಿಸಿದಳು. "ನಿನಗೂ ಕೇಳಿಸ್ತಾ?"

"ಇಲ್ಲ," ಎಂದಳು ಗೇಟಮ್ಮ.

"ಸುಳ್ಳು ಹೇಳೋಕೆ ಬರದೋಳು ಯಾಕೆ ಹೇಳ್ತೀಯ?" ಅತ್ತೆ ಪಾತ್ರೆಯನ್ನು ಎತ್ತಿ ಕೊಳಾಯಿಯ ಕೆಳಗಿಟ್ಟಳು. ನೀರು ನಡುಗದೆ ತುಂಬಿಕೊಂಡಿತು. ಇಬ್ಬರೂ ಅದನ್ನೇ ನೋಡುತ್ತ ನಿಂತರು.

ಮಾರನೆಯ ದಿನ ಮಧ್ಯಾಹ್ನ ಅತ್ತೆ ತಲೆ ಬಾಚಿಕೊಂಡು ಸೇತುವೆಗೆ ಬಂದಳು. ಬೇಡವೆಂದು ಗೇಟಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. "ನನ್ನ ದನಿ ಕದ್ದೋಳು ಯಾರು ಅಂತ ನಾನು ನೋಡಬೇಡ್ವಾ?" ಕ್ಯಾಬಿನ್ನಿನ ಮೆಟ್ಟಿಲು ಹತ್ತಲು ಆಗದೆ ಕೆಳಗೆ ಕಂಬಿಯನ್ನು ಹಿಡಿದು, ನದಿಗೆ ಮುಖ ಮಾಡಿ ನಿಂತಳು. ದೋಣಿ ಹಾಯ್ದು ಹೋಯಿತು. ಆಮೇಲೆ ಸೊಸೆಯನ್ನು ಕೂಗಿ ಕರೆದು, "ಇವತ್ತು ನಾನಿರ್ಲಿಲ್ಲ ಕಣೇ," ಎಂದಳು, ಮದುವೆಯೊಂದಕ್ಕೆ ಹೋಗುವುದು ತಪ್ಪಿಹೋಯಿತು ಎಂಬ ಹಾಗೆ.

ಅವತ್ತಿನಿಂದ ಅವಳು ದಿನವೂ ಬಂದಳು. ಊರು ಮೊದಲಿನ ಹಾಗಾಯಿತು. ತರಕಾರಿ ದೋಣಿಗಳು ಸೇತುವೆಯ ಕೆಳಗೆ ಬರತೊಡಗಿದವು, ಬಣ್ಣ ನೂಲಿಗೆ ಹತ್ತಿತು, ತಂಗಿಯ ಮಗು ಮಗುಚಿ, ಕೂತು, ಗೋಡೆ ಹಿಡಿದು ನಿಂತಿತು. ಅತ್ತೆ ಕಂಬಿಯ ಹತ್ತಿರ ಒಂದು ಸ್ಟೂಲು ಹಾಕಿಸಿಕೊಂಡಳು. "ಇವತ್ತೂ ನಾನಿಲ್ಲ" ಎಂದು ಕೈಯಾಡಿಸಿ ಹೇಳಿದಾಗಲೆಲ್ಲ ಗೇಟಮ್ಮ ಹಿಡಿದಿಟ್ಟ ಉಸಿರು ಬಿಡುತ್ತಿದ್ದಳು. ಬಸ್ಸಿನಲ್ಲಿದ್ದವರು ಮುದುಕಿಗೆ ಮರುಳು ಎಂದರು. ಅವಳು ಅವರನ್ನೂ ಪುಣ್ಯಾತ್ಮರೇ ಎಂದಳು.

ಹೀಗೆ ಒಂದು ಮಧ್ಯಾಹ್ನ ದೋಣಿ ಹೋದ ಮೇಲೆ ಅತ್ತೆ ಕೈಯಾಡಿಸಲಿಲ್ಲ. ಗೇಟಮ್ಮ ಕೆಳಗೆ ಇಳಿದು ಬಂದಳು.

"ಏನು ಕೇಳಿಸ್ತು ಅತ್ತೆ?"

"ಬೈತಿರ್ಲಿಲ್ಲ," ಎಂದಳು ಅತ್ತೆ. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಆಶ್ಚರ್ಯವಿತ್ತು. "ಊರು ಬಂತಾ ಅಂತ ಆ ಮಗು ಒಂದೇ ಸಮ ಕೇಳ್ತಿರುತ್ತಲ್ಲ. ಅದನ್ನ ತೊಡೆ ಮೇಲೆ ಹಾಕ್ಕೊಂಡು ತಟ್ಟುತ್ತಿದ್ದೆ. ಮಲ್ಕೋ, ಬಂದ ಮೇಲೆ ಎಬ್ಬಿಸ್ತೀನಿ ಅಂತಿದ್ದೆ. ಮಗು ಮಲಗಿಬಿಡ್ತು." ಸ್ಟೂಲಿನಿಂದ ಏಳುತ್ತ, "ಪಾಪ, ಅದಕ್ಕೆ ಯಾರೂ ಇರ್ಲಿಲ್ಲ ಅಂತ ಕಾಣುತ್ತೆ," ಎಂದಳು.

ಆಮೇಲೆ ಅವಳು ಸೇತುವೆಗೆ ಬರುವುದನ್ನು ಬಿಟ್ಟಳು. ಹೋಗುವ ದಾರಿ ನೋಡಿಯಾಯಿತು, ಇನ್ನು ದಿನಾ ಬಿಸಿಲಲ್ಲಿ ಕೂರುವುದೇಕೆ ಎಂದಳು. ಚಳಿಗಾಲದ ಕೊನೆಯಲ್ಲಿ ಅವಳಿಗೆ ಜ್ವರ ಬಂತು. ಮಾಮೂಲಿ ಜ್ವರ, ಊರಲ್ಲಿ ಎಷ್ಟೋ ಜನಕ್ಕೆ ಬಂದು ಹೋದದ್ದು. ಮಗ ಆಸ್ಪತ್ರೆಗೆ ಸೇರಿಸಿದ. ಅಲ್ಲಿಯ ನರ್ಸುಗಳನ್ನು ಬೈಯುತ್ತ, ಮೊಸರಿಗೆ ಉಪ್ಪು ಕಡಿಮೆ ಎನ್ನುತ್ತ, ಒಂದು ಬೆಳಿಗ್ಗೆ ಎದ್ದು ಕೂತು, ಸೊಸೆಯ ಕೈಯಿಂದ ಅರ್ಧ ಲೋಟ ನೀರು ಕುಡಿದು, ಮತ್ತೆ ಮಲಗಿದವಳು ಏಳಲಿಲ್ಲ.

ಕರ್ಮಗಳೆಲ್ಲ ಮುಗಿದು ಗೇಟಮ್ಮ ಕೆಲಸಕ್ಕೆ ಹೋದ ದಿನ ಹಾರನ್ ತನ್ನ ಹೊತ್ತಿಗೆ ಸರಿಯಾಗಿ ಬಂತು. ಗೇಟು ಇಳಿಸಿದಳು, ಸೇತುವೆ ಎತ್ತಿದಳು. ಈ ಸಲ ಅವಳು ತಾನಾಗಿಯೇ ಕಿಟಕಿ ತೆರೆದು, ಅರ್ಧ ಮೈ ಹೊರಗೆ ಚಾಚಿ ನಿಂತಳು. ನೀರು ಸೀಳಿಕೊಂಡು ಬಂತು. ಇಂಜಿನ್ನಿನ ಸದ್ದು ಕೇಳಿಸಿತು, ಕಂಬಗಳಿಗೆ ಅಲೆ ಬಡಿಯುವುದು ಕೇಳಿಸಿತು. ಮಾತು ಒಂದೂ ಕೇಳಿಸಲಿಲ್ಲ. ಒಳಗಿದ್ದವರೆಲ್ಲ ನಿದ್ದೆ ಹೋದ ಹಾಗಿತ್ತು.

"ಅತ್ತೆ," ಎಂದಳು ಅವಳು, ಕೂಗದೆ, ಪಕ್ಕದಲ್ಲಿರುವವರಿಗೆ ಹೇಳುವ ಹಾಗೆ. "ಹುಷಾರು."

ಸೀಳು ದೂರ ಹೋಗಿ ಮಾಸಿತು. ಬಸ್ಸಿನವನು ಇಂಜಿನ್ ಹಚ್ಚಿ ಕಾಯುತ್ತಿದ್ದ. ಅವಳು ಕಣ್ಣು ಒರೆಸಿಕೊಂಡು ಸೇತುವೆಯನ್ನು ಇಳಿಸಿದಳು.